ಮೇಸ್ತ್ರಿ ಅಂದ ‘ಆಯ್ತು’

ಕೆಲಸದ ಜಾಗದಲ್ಲಿ ನನ್ನನ್ನು ಎಲ್ಲರೂ ಜೋಪಾನಕ್ಕ ಎನ್ನುತ್ತಾರೆ. ಅದೇನೂ ಪ್ರೀತಿಗೆ ಇಟ್ಟ ಹೆಸರಲ್ಲ. ಕಟ್ಟಡದ ಹೊರಗೆ ಕಟ್ಟುವ ಸಾರುವೆ ಹತ್ತುವವರನ್ನೆಲ್ಲ ತಡೆದು ನಿಲ್ಲಿಸಿ, “ಜೋಪಾನ, ಬೆಲ್ಟಿನ ಕೊಕ್ಕೆ ಹಾಕ್ಕೊಳ್ಳಿ, ಜೋಪಾನ, ಹಲಗೆ ನೋಡಿ ಕಾಲಿಡಿ” ಎಂದು ದಿನಕ್ಕೆ ನೂರು ಸಲ ಬಡಕೊಳ್ಳುವವಳಿಗೆ ಇನ್ನೆಂಥ ಹೆಸರು ಬಂದೀತು? ಬೆನ್ನ ಹಿಂದೆ ಇನ್ನೂ ಏನೇನೋ ಅನ್ನುತ್ತಾರೆಂದು ಗೊತ್ತು. ಅನ್ನಲಿ. ಬೈದವರು ಸಂಜೆ ತಮ್ಮ ಎರಡು ಕಾಲ ಮೇಲೆ ನಡೆದು ಮನೆಗೆ ಹೋದರೆ ನನಗೆ ಅಷ್ಟೇ ಸಾಕು.

ನನ್ನ ಕೆಲಸ ಹೇಳಲು ಸುಲಭ. ಬೆಳಗ್ಗೆ ಯಾರೂ ಹತ್ತುವ ಮೊದಲು ನಾನು ಸಾರುವೆಯನ್ನು ಬುಡದಿಂದ ತುದಿಯವರೆಗೆ ಹತ್ತಬೇಕು. ಒಂದೊಂದು ಕ್ಲಾಂಪನ್ನೂ ಕೈಯಿಂದ ಅಲ್ಲಾಡಿಸಿ ನೋಡಬೇಕು, ಒಂದೊಂದು ಹಲಗೆಯನ್ನೂ ತುಳಿದು ನೋಡಬೇಕು. ಎಲ್ಲ ಸರಿಯಿದ್ದರೆ ಏಣಿಯ ಬುಡದಲ್ಲಿ ಹಸಿರು ಕಾರ್ಡಿಗೆ ಸಹಿ ಮಾಡಿ ನೇತುಹಾಕಬೇಕು. ಇಲ್ಲದಿದ್ದರೆ ಕೆಂಪು. ಹಸಿರು ಕಾರ್ಡು ನೋಡಿದವನು ಮತ್ತೆ ಯಾರನ್ನೂ ಕೇಳದೆ ಹತ್ತುತ್ತಾನೆ. ಆ ದಿನ ನಾನು ಹತ್ತದೆ, ನೋಡದೆ ಹಸಿರು ಕಾರ್ಡು ನೇತುಹಾಕಿದೆ.

ಅದಕ್ಕೆ ಕಾರಣ ನನ್ನ ಅಣ್ಣ. ಅಲ್ಲ, ಅಣ್ಣನ ಮೇಲೆ ಯಾಕೆ ಹಾಕಲಿ, ಕಾರಣ ನಾನೇ.

ಅಣ್ಣ ಗಾರೆ ಕೆಲಸದವನು. ಗಿಲಾವಿನಲ್ಲಿ ಅವನನ್ನು ಮೀರಿಸುವವರಿಲ್ಲ. ಅಪ್ಪ ಹೋದಾಗ ನನಗೆ ಎಂಟು ವರ್ಷ, ಅವನಿಗೆ ಹದಿನೆಂಟು. ಕರಣೆ ಹಿಡಿದು ನನ್ನನ್ನು ಓದಿಸಿದ, ಈ ಕೆಲಸಕ್ಕೆ ಬೇಕಾದ ತರಬೇತಿಗೂ ಅವನೇ ಕಳಿಸಿದ. ಅದೇ ಅಣ್ಣ ಹಿಂದಿನ ವಾರ ಐದನೇ ಅಂತಸ್ತಿನ ಹಲಗೆಯ ಮೇಲೆ ಕೊಕ್ಕೆ ಹಾಕದೆ ನಿಂತಿದ್ದನ್ನು ನಾನು ಕಂಡೆ. ಮೆಲ್ಲಗೆ ಹೇಳಬಹುದಿತ್ತು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೆಳಗಿನಿಂದಲೇ ಎಲ್ಲರ ಮುಂದೆ ಕಿರುಚಿ, ಅವನನ್ನು ಇಳಿಸಿ, ಎರಡು ದಿನ ಕೆಲಸಕ್ಕೆ ಬರಬೇಡ ಎಂದು ಕಳಿಸಿಬಿಟ್ಟೆ.

“ನನ್ನ ಬೆರಳು ಹಿಡ್ಕೊಂಡು ನಡೆಯೋದು ಕಲ್ತೋಳು, ಈಗ ನನಗೇ ನಡೆಯೋದು ಕಲಿಸ್ತಾಳೆ,” ಎಂದು ಅತ್ತಿಗೆಗೆ ಹೇಳಿದನಂತೆ. ಅಲ್ಲಿಂದ ನನ್ನ ಜೊತೆ ಮಾತು ಬಿಟ್ಟ. ಇರುವುದು ಒಂದೇ ಮನೆ, ಬಚ್ಚಲೂ ಒಂದೇ. “ಬಿಸಿನೀರು ಕಾದಿದೆಯಂತೆ ಅಂತ ಅವಳಿಗೆ ಹೇಳು,” ಎಂದು ಅತ್ತಿಗೆಗೆ ಹೇಳುತ್ತಿದ್ದ, ನಾನು ಪಕ್ಕದಲ್ಲೇ ಟವೆಲು ಹಿಡಿದು ನಿಂತಿರುತ್ತಿದ್ದೆ. “ಕೇಳಿಸ್ತು ಅಂತ ಅವನಿಗೆ ಹೇಳಿ ಅತ್ತಿಗೆ,” ಎನ್ನುತ್ತಿದ್ದೆ. ಅತ್ತಿಗೆ, “ನನಗೂ ಒಂದು ಸಂಬಳ ಕೊಡಿ, ಟಪಾಲು ಹೊತ್ತೂ ಹೊತ್ತೂ ಸಾಕಾಯ್ತು,” ಎಂದು ಪಾತ್ರೆ ಕುಕ್ಕುತ್ತಿದ್ದಳು. ಹೀಗೆ ಒಂಬತ್ತು ದಿನ ಕಳೆದವು.

ಈಗ ಆ ಸಾರುವೆಯ ವಿಷಯ ಹೇಳಬೇಕು. ಅದು ಐದಂತಸ್ತಿನ ಹಳೆಯ ಕಚೇರಿ ಕಟ್ಟಡ. ರಸ್ತೆ ಕಡೆಯ ಗೋಡೆಗೆ ಹೊಸ ಗಿಲಾವು ನಡೆಯುತ್ತಿತ್ತು. ನೋಡುವವರು ಅಷ್ಟೆತ್ತರದ ಕಬ್ಬಿಣದ ಪೈಪಿನ ಗೂಡು ತನ್ನ ಬಲದಿಂದಲೇ ನಿಂತಿದೆ ಎಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಅದನ್ನು ಗೋಡೆ ಹಿಡಿದುಕೊಂಡಿರುತ್ತದೆ. ಅಲ್ಲಲ್ಲಿ ಗೋಡೆಯಿಂದ ಸಾರುವೆಗೆ ತುಂಡು ಪೈಪು ಕೊಟ್ಟು ಕ್ಲಾಂಪು ಬಿಗಿದಿರುತ್ತಾರೆ. ಗೋಡೆಕಟ್ಟು ಎನ್ನುತ್ತೇವೆ. ಕಿಟಕಿಗಳ ಸುತ್ತ ಕರಣೆ ಆಡಲು ಅಡ್ಡವಾಗುತ್ತದೆಂದು ಹಿಂದಿನ ಸಂಜೆ ಸಾರುವೆ ಕಟ್ಟುವ ಮೇಸ್ತ್ರಿ ಮೇಲಿನ ಎರಡು ಸಾಲಿನ ಗೋಡೆಕಟ್ಟು ಬಿಚ್ಚಿದ್ದರು. ಅವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಬೆಳಗ್ಗೆ ಕೆಲಸ ಶುರುವಾಗುವ ಮೊದಲೇ ಮತ್ತೆ ಬಿಗಿಯಬೇಕಿತ್ತು. ಇದರ ಮೇಲೆ, ರಸ್ತೆಗೆ ದೂಳು ಬೀಳುತ್ತದೆಂದು ಯಾರೋ ದೂರು ಕೊಟ್ಟದ್ದಕ್ಕೆ ಎರಡು ದಿನದ ಹಿಂದೆ ಸಾರುವೆಯ ಮುಂಭಾಗಕ್ಕೆಲ್ಲ ನೀಲಿ ಟಾರ್ಪಾಲು ಕಟ್ಟಿದ್ದರು. ಗೋಡೆಕಟ್ಟಿಲ್ಲದೆ ಟಾರ್ಪಾಲು ಹೊದ್ದ ಸಾರುವೆಯೆಂದರೆ ಹಾಯಿ ಬಿಚ್ಚಿದ ದೋಣಿ. ಗಾಳಿ ಬಂದರೆ ಅದು ಹೊರಡುತ್ತದೆ.

ಬೆಳಗ್ಗೆ ನಾನು ಹೋದಾಗ ಅಣ್ಣ ಏಣಿಯ ಬುಡದ ಮೆಟ್ಟಿಲಲ್ಲೇ ಕೂತಿದ್ದ, ಮೊಣಕಾಲ ಮೇಲೆ ಕರಣೆ. ಅವನ ಜೊತೆ ಕೆಲಸ ಮಾಡುವ ಉದ್ದಣ್ಣ ಮತ್ತು ಉದ್ದಣ್ಣನ ಹೆಂಡತಿ ಪಕ್ಕದಲ್ಲಿ ನಿಂತಿದ್ದರು. ಆತ ಬಾಗಿಲಿಗೆಲ್ಲ ತಲೆ ಬಗ್ಗಿಸುವ ಆಳು, ಅದಕ್ಕೇ ಆ ಹೆಸರು. ಆಕೆ ಅವನ ಮೊಣಕೈವರೆಗೆ ಬರುತ್ತಾಳೆ, ಗಾರೆ ಕಲಸಿ ಬಾಂಡ್ಲಿಯಲ್ಲಿ ತುಂಬಿ ಕೊಡುವವಳು ಅವಳೇ. ಮೂವರೂ ನನ್ನ ಕಾರ್ಡಿಗಾಗಿ ಕಾಯುತ್ತಿದ್ದರು. ನಾನು ಹತ್ತಬೇಕೆಂದರೆ ಅಣ್ಣನಿಗೆ “ಸ್ವಲ್ಪ ಸರಿ” ಎನ್ನಬೇಕು. ಅವನು ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದ. ಏಳಲಿಲ್ಲ.

ನಾನೂ ತಿರುಗಿದೆ. ಗೇಟಿನ ಹತ್ತಿರ ಹೋಗಿ ಮೇಸ್ತ್ರಿಗೆ ಫೋನು ಮಾಡಿದೆ.

“ಮೇಸ್ತ್ರಿ, ಮೇಲಿನ ಎರಡು ಸಾಲು ಗೋಡೆಕಟ್ಟು ವಾಪಸ್ ಹಾಕೋದು?”

“ಆಯ್ತಕ್ಕ, ಆಯ್ತು,” ಎಂದರು ಮೇಸ್ತ್ರಿ. ಅವರ ಕಡೆ ಯಾವುದೋ ಯಂತ್ರ ಗುರುಗುಟ್ಟುತ್ತಿತ್ತು. ನಾನು ಫೋನು ಇಟ್ಟೆ, ಕಾರ್ಡಿಗೆ ಸಹಿ ಮಾಡಿದೆ, ಅಣ್ಣನ ತಲೆಯ ಮೇಲಿಂದ ಕೈ ಚಾಚಿ ಕಾರ್ಡನ್ನು ಕೊಕ್ಕೆಗೆ ಸಿಕ್ಕಿಸಿದೆ. ಮೂವರೂ ಹತ್ತಿದರು.

ಹತ್ತೂವರೆಗೆ ನಾನು ಶೆಡ್ಡಿನಲ್ಲಿ ಕೂತು ರಿಜಿಸ್ಟರು ಬರೆಯುತ್ತಿದ್ದೆ. ಮೇಸ್ತ್ರಿ ಹೆಗಲ ಮೇಲೆ ಒಂದು ಗೋಣಿಚೀಲ ಹೊತ್ತು ಬಂದು ನೆಲಕ್ಕೆ ಇಳಿಸಿದರು. ಒಳಗೆ ಕಬ್ಬಿಣ ಝಣ್ ಎಂದಿತು.

“ಹಳೇ ತುಂಡು ಉದ್ದ ಸಾಲ್ಲಿಲ್ಲ, ಬೇರೆ ಪೈಪು ಈಗ ಬಂತು ನೋಡಿ ಅಕ್ಕ. ಅವರು ಟೀಗೆ ಇಳೀಲಿ, ಆಮೇಲೆ ಹತ್ತಿ ಹಾಕಿಬಿಡ್ತೀನಿ.”

“ಏನು ಹಾಕ್ತೀರಿ?”

“ಗೋಡೆಕಟ್ಟು. ಬೆಳಗ್ಗೆ ನೀವೇ ಹೇಳಿದ್ರಲ್ಲ.”

“ಆಯ್ತು ಅಂದ್ರಲ್ಲ ನೀವು!”

“ಆಯ್ತು ಅಂದೆ. ಹಾಕ್ತೀನಿ ಅಂತ ಆಯ್ತು ಅಂದೆ.” ಅವರು ನನ್ನ ಮುಖ ನೋಡಿದರು. ಆಮೇಲೆ ಶೆಡ್ಡಿನ ಬಾಗಿಲಿನಿಂದ ಸಾರುವೆಯ ಬುಡದಲ್ಲಿ ತೂಗುತ್ತಿದ್ದ ಹಸಿರು ಕಾರ್ಡು ನೋಡಿದರು. “ಅಯ್ಯೋ ಅಕ್ಕ, ನಾನು ನಿಮ್ಮ ಕಾರ್ಡು ನೋಡ್ಲೇ ಇಲ್ಲ. ಹಿಂದಿನ ಗೋಡೆ ಕಡೆ ಇದ್ದೆ. ಇವರು ಇನ್ನೂ ಕೆಳಗಿನ ಸಾಲಲ್ಲಿದ್ದಾರೆ ಅಂದ್ಕೊಂಡಿದ್ದೆ.”

ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತು. ಮುಗಿದರೂ ಆಯ್ತು, ಒಪ್ಪಿದರೂ ಆಯ್ತು. ನಾನು ಹತ್ತಿ ನೋಡಿದ್ದರೆ ಯಾವ ಆಯ್ತು ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಆಗಲೇ ಹೊರಗೆ ಟಾರ್ಪಾಲು ಫಟ್ ಎಂದು ಬಡಿಯಿತು.

ಬೆಳಗ್ಗೆ ಎಲೆ ಅಲ್ಲಾಡದಷ್ಟು ಸೆಖೆಯಿತ್ತು. ಈಗ ಗಾಳಿ ಎದ್ದಿತ್ತು. ನೀಲಿ ಟಾರ್ಪಾಲು ಉಬ್ಬುತ್ತಿತ್ತು, ಮತ್ತೆ ಗೋಡೆಗೆ ಅಂಟುತ್ತಿತ್ತು. ನನ್ನ ಬಾಯಲ್ಲಿ “ಇಳೀರೋ!” ಎಂಬ ಕೂಗು ಬಂದೇ ಬಿಟ್ಟಿತ್ತು, ನುಂಗಿಕೊಂಡೆ. ಏಣಿ ಇರುವುದು ಸಾರುವೆಯ ಹೊರಮೈಗೆ. ಕೂಗಿದರೆ ಮೂವರೂ ಹೆದರಿ ಒಟ್ಟಿಗೆ ಅಲ್ಲಿಗೆ ಓಡುತ್ತಾರೆ. ಗೋಡೆ ಬಿಟ್ಟ ಸಾರುವೆಯನ್ನು ಹೊರಗೆ ಎಳೆಯಲು ಮೂರು ಜನರ ಭಾರ ಧಾರಾಳವಾಗಿ ಸಾಕು.

“ಮೇಸ್ತ್ರಿ, ರಸ್ತೆ ಖಾಲಿ ಮಾಡಿಸಿ. ಎರಡೂ ಕಡೆ. ಒಂದು ನಾಯಿ ಕೂಡ ಕೆಳಗೆ ಇರಬಾರ್ದು. ಸಾರ್ವೆ ಮಾತ್ರ ಮುಟ್ಬೇಡಿ.”

“ನೀವೆಲ್ಲಿಗೆ?”

“ಒಳಗಿಂದ ಹೋಗ್ತೀನಿ.”

ಗೂಟಕ್ಕೆ ನೇತುಹಾಕಿದ್ದ ಹಗ್ಗ ಎಳೆದುಕೊಂಡು ಕಟ್ಟಡದ ಮೆಟ್ಟಿಲಿಗೆ ಓಡಿದೆ. ಹಗ್ಗದ ತುದಿಯಲ್ಲಿ ಕೊಕ್ಕೆಯಿತ್ತು, ಅದು ಮೆಟ್ಟಿಲು ಮೆಟ್ಟಿಲಿಗೂ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಎರಡನೇ ಅಂತಸ್ತಿನಲ್ಲೇ ಉಸಿರು ಕಟ್ಟಿತು. ದೇವರೇ ದೇವರೇ ಎನ್ನುತ್ತಿದ್ದೆ. ಮೆಟ್ಟಿಲ ಕಿಟಕಿಯಿಂದ ಹೊರಗೆ ನೋಡಲು ಧೈರ್ಯವಾಗಲಿಲ್ಲ. ನಾಲ್ಕನೇ ಅಂತಸ್ತಿನಲ್ಲಿ ಒಂದು ಕಬ್ಬಿಣದ ಕಿರ್ರ್ ಸದ್ದು ಕೇಳಿತು. ಬಿತ್ತು ಎಂದುಕೊಂಡೆ. ಬಿದ್ದಿರಲಿಲ್ಲ.

ಐದನೇ ಅಂತಸ್ತು ಒಂದೇ ಉದ್ದನೆಯ ಹಾಲ್. ರಸ್ತೆ ಕಡೆಗೆ ಆರು ಕಿಟಕಿ. ಐದಕ್ಕೆ ಹಳೆಯ ಕಬ್ಬಿಣದ ಸರಳು, ಬೆರಳು ದಪ್ಪದವು. ಆರನೆಯದರ ಚೌಕಟ್ಟು ಬದಲಿಸಲು ಕಿತ್ತಿದ್ದರು, ಅದೊಂದೇ ಬರಿ ಕಂಡಿ. ಒಳಗೆ ಬರಲು ಅದೊಂದೇ ದಾರಿ. ನಾನು ಮೊದಲ ಕಿಟಕಿಯ ಸರಳು ಹಿಡಿದು ಕೆಳಗೆ ನೋಡಿದೆ. ಗೋಡೆಗೂ ಹಲಗೆಗೂ ನಡುವೆ ಗೇಣು ಜಾಗ ಇರಬೇಕು. ಟಾರ್ಪಾಲು ಉಬ್ಬಿದಾಗ ಅದು ಒಂದೂವರೆ ಗೇಣಾಯಿತು, ಕುಗ್ಗಿದಾಗ ಮತ್ತೆ ಗೇಣಾಯಿತು. ಇಡೀ ಗೂಡು ಉಸಿರಾಡುತ್ತಿತ್ತು. ಆ ಸಂದಿಯಲ್ಲಿ ಐದಂತಸ್ತಿನ ಕೆಳಗಿನ ನೆಲ ಕಾಣುತ್ತಿತ್ತು.

ಅಣ್ಣ ಇದ್ದದ್ದು ಇದೇ ಮೊದಲ ಕಿಟಕಿಯ ಆಚೆ, ನನಗೆ ಬೆನ್ನು ಹಾಕಿ, ಮೂಲೆಯ ಅಂಚು ತೀಡುತ್ತ. ಉದ್ದಣ್ಣ ನಾಲ್ಕನೆಯದರ ಹತ್ತಿರ, ಅವನ ಹೆಂಡತಿ ಆರನೆಯದರ ಹತ್ತಿರ. ಕಂಡಿಗೆ ಹತ್ತಿರ ಇರುವವರನ್ನು ಮೊದಲು ತೆಗೆಯಬೇಕು, ಹಲಗೆ ಹಗುರವಾಗಬೇಕು. ಅದು ನನಗೆ ಕಲಿಸಿದ ಪಾಠ. ಅಣ್ಣನನ್ನು ಬಿಟ್ಟು ಆ ತುದಿಗೆ ನಡೆದುಹೋದ ಆ ಹದಿನೈದು ಹೆಜ್ಜೆ ಯಾವ ಪಾಠದಲ್ಲೂ ಇರಲಿಲ್ಲ.

ಹಗ್ಗದ ಒಂದು ತುದಿಯನ್ನು ಕಂಡಿಯ ಪಕ್ಕದ ಕಂಬಕ್ಕೆ ಬಿಗಿದೆ. ಕಂಡಿಯಿಂದ ತಲೆ ಹಾಕಿದೆ. “ತಾಯಿ, ಕೊಕ್ಕೆ ಬಿಚ್ಚಿ ಒಳಗೆ ಬಾ.”

“ಬಾಂಡ್ಲಿ ತುಂಬಿದೆಯಲ್ಲಕ್ಕ.”

“ಅಲ್ಲೇ ಬಿಡು. ಕೈ ಕೊಡು.”

ಅವಳು ನನ್ನ ಮುಖ ನೋಡಿದವಳೇ ಮರುಮಾತಾಡಲಿಲ್ಲ. ಕೊಕ್ಕೆ ಬಿಚ್ಚಿ, ಕಂಡಿಗೆ ಕಾಲಿಟ್ಟು ನನ್ನ ಮೇಲೆ ಬಿದ್ದಳು. ಉದ್ದಣ್ಣ ಅಲ್ಲಿಂದಲೇ, “ಏನಾಯ್ತು? ಹಾವಾ?” ಎಂದ.

“ಏನೂ ಆಗಿಲ್ಲ. ನೀನೂ ಕೊಕ್ಕೆ ಬಿಚ್ಚಿ ಬಾ. ಓಡ್ಬೇಡ, ಗೋಡೆ ಸವರ್ಕೊಂಡು ನಿಧಾನ ಬಾ.”

ಅವನು ಬಂದ. ಕಂಡಿಯಲ್ಲಿ ಅವನ ಉದ್ದನೆಯ ಕಾಲು ಮಡಚಿ ಸಿಕ್ಕಿಕೊಂಡಿತು. “ನನ್ನ ಕಾಲು ಮುಂದಿನ ವಾರ ಬರುತ್ತೆ, ನೀವು ನಡೀರಿ,” ಎಂದ, ಎಂದಿನ ಹಾಗೆ. ಅಷ್ಟರಲ್ಲಿ ಗಾಳಿ ಬೀಸಿತು. ಒಂದು ಕಾಲು ಒಳಗೆ, ಒಂದು ಕಾಲು ಹಲಗೆಯ ಮೇಲೆ ಇದ್ದವನ ಕೆಳಗೆ ಹಲಗೆ ಸರಿಯಿತು. ಅವನ ತಮಾಷೆ ಅಲ್ಲಿಗೇ ನಿಂತಿತು. ನಾವಿಬ್ಬರೂ ಅವನ ಬೆಲ್ಟು ಹಿಡಿದು ಒಳಗೆ ಎಳೆದೆವು.

“ಅಣ್ಣಾ!” ಎಂದು ಕೂಗಿದೆ. ಅವನು ತಿರುಗಲಿಲ್ಲ. ಕೇಳಿಸಿತ್ತು, ನನಗೆ ಗೊತ್ತು. ಕರಣೆ ಒಂದು ಕ್ಷಣ ನಿಂತು ಮತ್ತೆ ತೀಡತೊಡಗಿತು. ಒಂಬತ್ತು ದಿನದ ಹಟ ಒಂದು ಕೂಗಿಗೆ ಇಳಿಯುತ್ತದೆಯೇ? ನನ್ನ ಅಣ್ಣ ಅಲ್ಲವೇ, ನನ್ನ ಹಾಗೇ.

ಹಗ್ಗದ ಕೊಕ್ಕೆಯಿದ್ದ ತುದಿಯನ್ನು ಉದ್ದಣ್ಣನ ಕೈಗಿಟ್ಟೆ. “ನಾನು ಹೇಳಿದ ಕೂಡ್ಲೇ ಅವನ ಕಡೆಗೆ ಎಸಿ,” ಎಂದು ಮೊದಲ ಕಿಟಕಿಗೆ ಓಡಿದೆ. ಸರಳುಗಳ ನಡುವೆ ಮುಖ ತುರುಕಿದೆ. ಅವನ ಬೆನ್ನು ಕೈಗೆಟುಕುವಷ್ಟು ಹತ್ತಿರವಿತ್ತು. ಬೆಲ್ಟು ಬಿಗಿಯಾಗಿ ಕಟ್ಟಿದ್ದ. ಕೊಕ್ಕೆಯನ್ನು ಸಾರುವೆಯ ಪೈಪಿಗೆ ಹಾಕಿದ್ದ, ನಾನು ಕಲಿಸಿದ ಹಾಗೆ, ಸ್ಕ್ರೂ ತಿರುಗಿಸಿ. ಸಾರುವೆ ಹೋದರೆ ಆ ಕೊಕ್ಕೆ ಅವನನ್ನೂ ಜೊತೆಗೆ ಒಯ್ಯುತ್ತಿತ್ತು.

“ಅಣ್ಣ, ಕೊಕ್ಕೆ ಬಿಚ್ಚು.”

ಅವನು ತಿರುಗಿದ. ಮುಖ ಕೆಂಪಾಗಿತ್ತು. “ಹಾಕದೇ ಇದ್ರೆ ತಪ್ಪು, ಹಾಕಿದ್ರೂ ತಪ್ಪಾ? ಆಟ ಆಡಿಸ್ತಿದೀಯಾ ನನ್ನ?”

“ಈ ಸಾರ್ವೆ ಗೋಡೆಗೆ ಕಟ್ಟಿಲ್ಲ.”

“ಹಸಿರು ಕಾರ್ಡಿದೆ ಕೆಳಗೆ.”

“ಅದು ಸುಳ್ಳು ಕಾರ್ಡು!” ಎಂದು ಕಿರುಚಿದೆ. ಒಂಬತ್ತು ದಿನದ ಹಿಂದೆ ಕಿರುಚಿದ್ದಕ್ಕಿಂತ ಜೋರಾಗಿ. “ನಾನು ಹತ್ತಿ ನೋಡ್ಲಿಲ್ಲ. ನೋಡದೇ ಸಹಿ ಹಾಕ್ದೆ. ತಪ್ಪು ನಂದು. ನಿನ್ನ ಕಾಲಿಗೆ ಬೀಳ್ತೀನಿ, ಹಗ್ಗ ಬರುತ್ತೆ, ಮೊದಲು ಅದನ್ನ ಬೆಲ್ಟಿಗೆ ಹಾಕ್ಕೋ, ಆಮೇಲೆ ಇದನ್ನ ಬಿಚ್ಚು.”

ಉದ್ದಣ್ಣ, ಅವನ ಹೆಂಡತಿ ಇಬ್ಬರೂ ಕೇಳಿಸಿಕೊಂಡರು. ಕೇಳಲಿ ಎಂದೇ ಕಿರುಚಿದೆನೋ ಏನೋ. ಅಣ್ಣ ನನ್ನ ಕಣ್ಣು ನೋಡಿದ, ಆಮೇಲೆ ತನ್ನ ಕಾಲ ಕೆಳಗಿನ ಸಂದಿ ನೋಡಿದ. ಕರಣೆಯನ್ನು ಹಲಗೆಯ ಮೇಲಿಟ್ಟ.

“ಎಸಿ!” ಎಂದೆ. ಮೊದಲನೆಯ ಸಲ ಹಗ್ಗ ಮೂರನೇ ಕಿಟಕಿಗೇ ಬಿತ್ತು. ಉದ್ದಣ್ಣ ಎಳೆದುಕೊಂಡು ಅರ್ಧ ಮೈ ಹೊರಗೆ ಚಾಚಿ ಮತ್ತೆ ಎಸೆದ. ಅಣ್ಣನ ಕೈಗೆ ಸಿಕ್ಕಿತು. ಬೆಲ್ಟಿಗೆ ಹಾಕಿಕೊಂಡ. ಹಳೆಯ ಕೊಕ್ಕೆಯ ಸ್ಕ್ರೂಗೆ ಗಾರೆ ಅಂಟಿ ಒಣಗಿತ್ತು, ತಿರುಗಲಿಲ್ಲ. ಅವನು ಅದನ್ನು ಕರಣೆಯ ಹಿಡಿಯಿಂದ ಕುಟ್ಟತೊಡಗಿದ. ಒಂದೊಂದು ಏಟಿಗೂ ಪೈಪು ನಡುಗುತ್ತಿತ್ತು. “ಮೆಲ್ಲಗೆ, ಮೆಲ್ಲಗೆ,” ಎಂದು ಅಳುತ್ತಿದ್ದೆ. ಐದನೇ ಏಟಿಗೋ ಆರನೇ ಏಟಿಗೋ ಬಿಟ್ಟಿತು.

ಅವನು ಹೊರಗಿನಿಂದ, ನಾನು ಒಳಗಿನಿಂದ, ಕಿಟಕಿಯಿಂದ ಕಿಟಕಿಗೆ ಜೊತೆಜೊತೆಗೆ ನಡೆದೆವು. ಎರಡು, ಮೂರು, ನಾಲ್ಕು. ಉದ್ದಣ್ಣ ಹಗ್ಗ ಎಳೆದುಕೊಳ್ಳುತ್ತಿದ್ದ. ಐದನೇ ಕಿಟಕಿಯ ಹತ್ತಿರ ಬೆಳಕು ಒಮ್ಮೆಲೇ ಮಸುಕಾಯಿತು, ಟಾರ್ಪಾಲು ಒಳಗೆ ಬಂದು ಅವನ ಬೆನ್ನಿಗೆ ಬಡಿಯಿತು. ಮರುಕ್ಷಣ ಇಡೀ ಗಾಳಿಯನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹೊರಗೆ ಹೋಯಿತು. ಸಾರುವೆಯೂ ಹೋಯಿತು. ಈ ಸಲ ವಾಪಸು ಬರಲಿಲ್ಲ.

ಅಣ್ಣ ಸರಳು ಹಿಡಿದ. ಹಲಗೆ ಅವನ ಕಾಲ ಕೆಳಗಿನಿಂದ ಜಾರಿತು. ಒಂದು ಕಾಲು ಗಾಳಿಯಲ್ಲಿ, ಇನ್ನೊಂದು ಕಿಟಕಿಯ ಕೆಳಗೆ ಗೋಡೆಯುದ್ದಕ್ಕೂ ಚಾಚಿದ್ದ ನಾಲ್ಕು ಬೆರಳಗಲದ ಪಟ್ಟಿಯ ಮೇಲೆ. ನಾನು ಸರಳುಗಳ ನಡುವಿನಿಂದ ಅವನ ಎರಡೂ ಮಣಿಕಟ್ಟು ಹಿಡಿದುಕೊಂಡೆ. ಹಸಿ ಗಾರೆಗೆ ಕೈ ಜಾರುತ್ತಿತ್ತು. ಅವನ ಮುಖ ನನ್ನ ಮುಖಕ್ಕೆ ತಾಗುವಷ್ಟು ಹತ್ತಿರವಿತ್ತು. ಅವನು ಅಷ್ಟು ಹೆದರಿದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಅಪ್ಪ ಹೋದ ದಿನವೂ ಅವನು ನನ್ನ ಮುಂದೆ ಹೆದರಿದವನಲ್ಲ.

“ಬಿಡು ನನ್ನ,” ಎಂದ. “ನೀನು ಹಿಡ್ಕೊಂಡ್ರೆ ನಾನು ಹೇಗೆ ಸರೀಲಿ?”

ಬಿಡುವುದು ನನ್ನಿಂದ ಆಗಲಿಲ್ಲ. ಕೈಗೆ ಬಿಡು ಎಂದು ಹೇಳಿದೆ, ಅದು ಬಿಡಲಿಲ್ಲ. ಉದ್ದಣ್ಣನ ಹೆಂಡತಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಣ್ಣ ಆ ಪಟ್ಟಿಯ ಮೇಲೆ ಒಂದು ಹೆಜ್ಜೆ ಸರಿದ, ಇನ್ನೊಂದು ಸರಿದ. ಉದ್ದಣ್ಣ ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ವಾಲಿದ. ಅಣ್ಣನ ಕೈ ಕಂಡಿಯ ಅಂಚಿಗೆ ಬಂತು, ತಲೆ ಬಂತು, ಹೆಗಲು ಬಂತು. ನಾವು ಮೂವರೂ ಎಳೆದ ರಭಸಕ್ಕೆ ಒಬ್ಬರ ಮೇಲೊಬ್ಬರು ಬಿದ್ದೆವು.

ಹೊರಗೆ ಅಲ್ಲಿಯವರೆಗೆ ವಾಲಿ ನಿಂತಿದ್ದ ಮೇಲಿನ ಎರಡು ಅಂತಸ್ತಿನ ಪೈಪುಗಳು ಬಾಗಿ, ಹಲಗೆ, ಬಾಂಡ್ಲಿ, ಟಾರ್ಪಾಲು ಸಮೇತ ರಸ್ತೆಗೆ ಹೋದವು. ಆ ಸದ್ದು ತುಂಬ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ಕೆಳಗಿನಿಂದ ಮೇಸ್ತ್ರಿಯ ಧ್ವನಿ ಬಂತು: “ಅಕ್ಕಾ! ಕೆಳಗೆ ಯಾರಿಗೂ ಏನೂ ಆಗಿಲ್ಲ! ಮೇಲೆ ಎಷ್ಟು ಜನ ಇದೀರಿ? ಎಷ್ಟು ಜನ?”

“ನಾಲ್ಕು!” ಎಂದ ಉದ್ದಣ್ಣ.

ನಾವು ಗೋಡೆಗೆ ಒರಗಿ ಕೂತೆವು. ಅಣ್ಣ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಸರಳು ಒತ್ತಿ ಚರ್ಮ ಸುಲಿದಿತ್ತು.

“ಯಾಕೆ ಹತ್ತಿ ನೋಡ್ಲಿಲ್ಲ?” ಎಂದು ಕೇಳಿದ. ಬೈಗುಳದ ಧ್ವನಿಯಲ್ಲ.

“ನೀನು ಏಣಿ ಹತ್ರ ಕೂತಿದ್ದೆ. ‘ಸ್ವಲ್ಪ ಸರಿ’ ಅನ್ಬೇಕಿತ್ತು. ಅನ್ನೋಕೆ ಮನಸ್ಸಾಗ್ಲಿಲ್ಲ.”

ಈಗ ಬೈಯುತ್ತಾನೆ, ಬೈಯಲಿ, ಹೊಡೆಯಲಿ ಎಂದು ಕಾದೆ.

“ಬೆಳಗ್ಗೆಯಿಂದ ಅಲ್ಲಾಡ್ತಿತ್ತು,” ಎಂದ. “ಹತ್ತಿದ ಕೂಡ್ಲೇ ಕಾಲಿಗೆ ಗೊತ್ತಾಯ್ತು. ಇಪ್ಪತ್ತೈದು ವರ್ಷದ ಕಾಲು.”

“ಮತ್ತೆ ಹೇಳ್ಬಾರ್ದಿತ್ತಾ ಅಣ್ಣ?”

“ಹೇಳ್ಬೇಕು ಅಂದ್ರೆ ನಿನ್ನ ಹತ್ರ ಮಾತಾಡ್ಬೇಕಿತ್ತಲ್ಲ.”

ಉದ್ದಣ್ಣನ ಹೆಂಡತಿ ಅಲ್ಲಿಯವರೆಗೆ ಗಂಡನ ತೋಳು ಹಿಡಿದು ಕೂತಿದ್ದಳು. ಅವಳು ಎದ್ದು ನಿಂತಳು. ಧ್ವನಿ ಏರಿಸಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಬೀಗದ ಕೈ ತೆಗೆದು ನಮ್ಮಿಬ್ಬರ ಮುಂದೆ ಹಿಡಿದಳು.

“ನಮ್ಮ ಇಬ್ಬರು ಮಕ್ಕಳು ಮೂರೂವರೆಗೆ ಸ್ಕೂಲಿಂದ ಬರ್ತಾರೆ,” ಎಂದಳು. “ಮನೆ ಬೀಗದ ಕೈ ಇದೊಂದೇ. ಅವು ಬಾಗಿಲ ಮುಂದೆ ಕೂತು ಯಾರಿಗೆ ಕಾಯ್ಬೇಕಿತ್ತು? ನೀವಿಬ್ರೂ ಮುನಿಸ್ಕೊಂಡಿದ್ರಿ. ನಾವೇನು ಮಾಡಿದ್ವಿ?”

ಗಂಡನನ್ನು ಎಬ್ಬಿಸಿಕೊಂಡು ಮೆಟ್ಟಿಲಿಳಿದು ಹೋದಳು. ಅವನ ದೊಡ್ಡ ಹೆಜ್ಜೆ, ಅವಳ ಸಣ್ಣ ಹೆಜ್ಜೆ, ಎರಡೂ ಒಂದೊಂದೇ ಅಂತಸ್ತು ಇಳಿಯುವುದು ನಮಗೆ ಕೇಳುತ್ತಿತ್ತು.

“ಏಳು,” ಎಂದ ಅಣ್ಣ. “ಹೋಗಿ ಅವಳ ಹತ್ರ ಮಾತಾಡೋಣ.”

ನಾನು ಏಳಲು ನೋಡಿದೆ. ಕಾಲು ಬರಲಿಲ್ಲ. ಅಣ್ಣನೂ ಗೋಡೆಗೆ ಕೈಯೂರಿ ಏಳಲು ನೋಡಿದ. ಅವನ ಕಾಲೂ ಬರಲಿಲ್ಲ.